ಜೊಲ್ಲಿನಲ್ಲಿ ವಂಶಾವಳಿ ಇದೆಯೇ?

ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬರುವ ಹೆಳವರು ಅಂಗಳದಲ್ಲಿ ನಿಂತು ಮನೆತನದ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಹೇಳುತ್ತಿದ್ದರು. ಕಾಳು ಪಡೆದು, ಹೊಸದಾಗಿ ಹುಟ್ಟಿದವರನ್ನೂ ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಈಗ ಕೊಳವೆಗೆ ಜೊಲ್ಲು ಉಗುಳಿ ಲ್ಯಾಬಿಗೆ ಕಳಿಸಿದರೆ ಆ ಕೆಲಸವೂ ಆಗಿಬಿಡುತ್ತದೆ ಎಂದು ಹಲವರು ನಂಬಿದ್ದಾರೆ. ಡಿಎನ್‌ಎ ಪರೀಕ್ಷೆ ಉಪಯುಕ್ತವೇ ಹೌದು, ಆದರೆ ಅದು ಸಾಕ್ಷಿ, ಹೆಳವನಲ್ಲ.

ತಪ್ಪು ಕಲ್ಪನೆ: ಪರೀಕ್ಷೆ ಮಾಡಿಸಿದರೆ ವಂಶವೃಕ್ಷ ಕೈಗೆ ಬರುತ್ತದೆ.
ಸತ್ಯ: ಡಿಎನ್‌ಎಯಲ್ಲಿ ಯಾರ ಹೆಸರೂ ಬರೆದಿರುವುದಿಲ್ಲ. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರ ಪೈಕಿ ಯಾರೊಂದಿಗೆ ನಿಮ್ಮದು ಎಷ್ಟು ಹೊಂದುತ್ತದೆ ಎಂಬ ಪಟ್ಟಿ ಸಿಗುತ್ತದೆ, ಅಷ್ಟೆ. ನಿಮ್ಮ ನೆಂಟರು ಅಲ್ಲಿ ಪರೀಕ್ಷೆ ಮಾಡಿಸಿಯೇ ಇಲ್ಲದಿದ್ದರೆ ಪಟ್ಟಿಯಲ್ಲಿ ಅವರು ಎಲ್ಲಿಂದ ಬಂದಾರು?

ತಪ್ಪು ಕಲ್ಪನೆ: ಗೋತ್ರ ಒಂದಾದರೆ ಡಿಎನ್‌ಎಯೂ ಒಂದೇ.
ಸತ್ಯ: ಗೋತ್ರದಂತೆ ವೈ ಕ್ರೋಮೋಸೋಮ್ ಕೂಡ ಅಪ್ಪನಿಂದ ಮಗನಿಗೆ ಬರುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ದತ್ತು ಹೋದವನಿಗೆ ಗೋತ್ರ ಬದಲಾಗುತ್ತದೆ, ವೈ ಬದಲಾಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ವೈ ಇರುವುದೇ ಇಲ್ಲ. ತವರಿನ ಗಂಡು ಸಾಲು ಹುಡುಕಬೇಕೆಂದರೆ ಅಪ್ಪನನ್ನೋ ಅಣ್ಣನನ್ನೋ ಚಿಕ್ಕಪ್ಪನನ್ನೋ ಒಪ್ಪಿಸಬೇಕು. ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವುದು ತುಳುನಾಡಿನ ಅಳಿಯಕಟ್ಟಿನ 'ಬಳಿ'ಯ ಹಾದಿಯಲ್ಲಿ: ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ.

ತಪ್ಪು ಕಲ್ಪನೆ: ಹಿರಿಯರೆಲ್ಲರ ಪಾಲೂ ನಮ್ಮಲ್ಲಿದೆ.
ಸತ್ಯ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕದಲ್ಲಿ 1,024 ಹಿರಿಯರು. ಪ್ರತಿ ತಲೆಮಾರಿನಲ್ಲೂ ಅರ್ಧ ಉಳಿದು ಅರ್ಧ ಬಿಟ್ಟುಹೋಗುವುದರಿಂದ ಅವರಲ್ಲಿ ಅನೇಕರ ತುಣುಕೂ ನಮ್ಮಲ್ಲಿರುವುದಿಲ್ಲ. ಆದ್ದರಿಂದಲೇ ಮನೆಯ ಅತಿ ಹಿರಿಯರಿಂದ ಪರೀಕ್ಷೆ ಶುರುಮಾಡಬೇಕು. ನಿಮಗೆ ಬಾರದ ತುಣುಕುಗಳು ಅಜ್ಜಿಯಲ್ಲಿ ಇನ್ನೂ ಇವೆ.

ತಪ್ಪು ಕಲ್ಪನೆ: ವರದಿ 'ಹತ್ತಿರದ ನೆಂಟ' ಎಂದರೆ ಹತ್ತಿರದವರೇ.
ಸತ್ಯ: ನಮ್ಮಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಕ್ಕನ ಮಗಳನ್ನು ತಂದುಕೊಂಡ ಮನೆಯನ್ನು ನೋಡಿ. ಹುಟ್ಟಿದ ಮಗುವಿಗೆ ಅಪ್ಪನ ತಾಯಿ ಅಜ್ಜಿಯೂ ಹೌದು, ಅಮ್ಮನ ಕಡೆಯಿಂದ ಮುತ್ತಜ್ಜಿಯೂ ಹೌದು. ಸಾಮಾನ್ಯವಾಗಿ ಅಜ್ಜಿಯಿಂದ ಬರುವ ಪಾಲು ಸರಾಸರಿ ಶೇ. 25, ಈ ಮಗುವಿಗೆ ಇನ್ನೂ 12.5 ಸೇರಿ ಶೇ. 37.5 ಆಗುತ್ತದೆ. ಸೋದರತ್ತೆಯ ಮಗನೊಂದಿಗೆ ಮದುವೆ, ಜಾತಿಯೊಳಗಿನ ಮದುವೆ ತಲೆತಲಾಂತರದಿಂದ ನಡೆದಿದ್ದರೆ ಒಬ್ಬನೇ ನೆಂಟ ನಾಲ್ಕು ದಾರಿಯಿಂದ ನೆಂಟನಾಗಿರುತ್ತಾನೆ. ಕಂಪ್ಯೂಟರ್ ನಾಲ್ಕನ್ನೂ ಕೂಡಿಸಿ ಅವನನ್ನು ಹತ್ತಿರಕ್ಕೆ ಎಳೆದು ಕೂರಿಸುತ್ತದೆ. ಯಾವ ಮನೆಯ ಹೆಣ್ಣು ಯಾವ ಮನೆಗೆ ಬಂದಳು ಎಂಬ ಅಜ್ಜಿಯ ನೆನಪು ಈ ಗಂಟನ್ನು ಬಿಡಿಸಬಲ್ಲದು.

ತಪ್ಪು ಕಲ್ಪನೆ: ಯಾವ ಪ್ರದೇಶದ ಪಾಲು ಎಷ್ಟು ಎಂದು ವರದಿ ಕೊಡುವ ಶೇಕಡಾವಾರು ಪಟ್ಟಿ ನಮ್ಮ ಮೂಲ ಊರನ್ನು ತೋರಿಸುತ್ತದೆ.
ಸತ್ಯ: ಅದು ಕಂಪನಿಯ ಬಳಿ ಇರುವ ಮಾದರಿಗಳೊಂದಿಗಿನ ಹೋಲಿಕೆ, ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯಕ್ಕೆ ಆಫ್ರಿಕಾದ ಬಂಟು ಭಾಷಿಕರ ನಂಟಿರುವುದನ್ನು ವಂಶವಾಹಿ ಅಧ್ಯಯನಗಳು ದೃಢಪಡಿಸಿವೆ. ಆದರೆ ಒಂದು ಕುಟುಂಬದ ಹಿರಿಯ ಯಾವ ಹಳ್ಳಿಯಿಂದ, ಯಾವ ಹಡಗಿನಲ್ಲಿ ಬಂದ ಎಂಬುದನ್ನು ಆ ಅಂಕಿ ಹೇಳಲಾರದು.

ತಪ್ಪು ಕಲ್ಪನೆ: ನನ್ನ ಜೊಲ್ಲು, ನನ್ನ ಇಷ್ಟ.
ಸತ್ಯ: ನಿಮ್ಮ ಡಿಎನ್‌ಎಯಲ್ಲಿ ಒಡಹುಟ್ಟಿದವರ ಗುಟ್ಟೂ ಇದೆ. ಯಾರೂ ಬಾಯಿಬಿಡದ ದತ್ತು ಹೊರಬೀಳಬಹುದು. 2018ರಲ್ಲಿ ಅಮೆರಿಕದ ಪೊಲೀಸರು 'ಗೋಲ್ಡನ್ ಸ್ಟೇಟ್ ಕಿಲ್ಲರ್' ಎಂಬ ಸರಣಿ ಹಂತಕನನ್ನು ಹಿಡಿದದ್ದು ಅವನ ದೂರದ ನೆಂಟರ ಡಿಎನ್‌ಎ ಸುಳಿವಿನಿಂದ. 2023ರಲ್ಲಿ ಇಂಥ ಪರೀಕ್ಷೆ ನಡೆಸುವ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿಹೋಯಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಮನೆಯವರನ್ನು ಕೇಳಿಯೇ ಮುಂದುವರಿಯಿರಿ.

ಕಿಟ್ ತರಿಸುವ ಮೊದಲು ಹಳೆಯ ಲಗ್ನಪತ್ರಿಕೆ, ಪಾಲುಪತ್ರ, ಪಹಣಿಗಳನ್ನು ತೆಗೆದಿಡಿ. ಅಜ್ಜಿಯ ಮುಂದೆ ಫೋನಿನ ರೆಕಾರ್ಡರ್ ಒತ್ತಿ, ಅವರ ತವರಿನ ಹೆಸರುಗಳಿಂದ ಆರಂಭಿಸಿ. ಕೊಳವೆ ಇನ್ನೊಂದು ವರ್ಷ ಕಾದೀತು.