ನಡೆದು ಓದುವ ಚರಿತ್ರೆ

ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪುಸ್ತಕದಲ್ಲಿ ಓದುತ್ತೇವೆ. ಯಾವ ಅರಸನು ಯಾವ ವರ್ಷ ಪಟ್ಟವೇರಿದನು, ಯಾರನ್ನು ಗೆದ್ದನು, ಯಾರಿಗೆ ಸೋತನು ಎಂಬುದನ್ನು ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತೇವೆ. ಆದರೆ ಚರಿತ್ರೆಗೆ ಇನ್ನೊಂದು ಪುಸ್ತಕವಿದೆ. ಅದರ ಹಾಳೆಗಳು ನೆಲದ ಮೇಲೆ ಹರಡಿಕೊಂಡಿವೆ. ದೇವಾಲಯದ ಹಾಸುಗಲ್ಲು, ಕೆರೆಯ ಏರಿ, ಕೋಟೆಯ ಬಾಗಿಲು, ಪೇಟೆಯ ಬೀದಿ ಇವೇ ಅದರ ಅಕ್ಷರಗಳು. ಈ ಪುಸ್ತಕವನ್ನು ಕಣ್ಣಿನಿಂದ ಮಾತ್ರ ಓದಿದರೆ ಸಾಲದು, ಕಾಲಿನಿಂದಲೂ ಓದಬೇಕು.

ಈ ಮಾತು ನನಗೆ ಮನವರಿಕೆಯಾದುದು ನನ್ನ ಅಧ್ಯಾಪಕ ವೃತ್ತಿಯ ಆರಂಭದ ದಿನಗಳಲ್ಲಿ. ಒಂದು ವರ್ಷ ಮಕ್ಕಳನ್ನು ಬಸ್ಸಿನಲ್ಲಿ ಪ್ರವಾಸಕ್ಕೆ ಕರೆದೊಯ್ದೆವು. ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ ಈ ನಾಲ್ಕನ್ನೂ ಒಂದೇ ದಿನದಲ್ಲಿ ತೋರಿಸಿಬಿಡಬೇಕೆಂಬ ಹಂಬಲ ನನ್ನದಾಗಿತ್ತು. ಇಳಿಯುವುದು, ನೋಡುವುದು, ಹತ್ತುವುದು ಇದೇ ಆ ದಿನದ ಕೆಲಸವಾಯಿತು. ಮರುದಿನ ತರಗತಿಯಲ್ಲಿ ಪ್ರಬಂಧ ಬರೆಸಿದೆ. ಬುತ್ತಿಯ ಚಿತ್ರಾನ್ನವನ್ನೂ ಬಸ್ಸಿನಲ್ಲಿ ಹಾಡಿದ ಹಾಡುಗಳನ್ನೂ ಎಲ್ಲರೂ ಚೆನ್ನಾಗಿ ವರ್ಣಿಸಿದ್ದರು. ಒಬ್ಬ ಹುಡುಗನಂತೂ ಇಕ್ಕೇರಿಯ ದೊಡ್ಡ ನಂದಿಯನ್ನು ಕವಲೇದುರ್ಗದ ಬೆಟ್ಟಕ್ಕೆ ಏರಿಸಿಬಿಟ್ಟಿದ್ದ! ತಪ್ಪು ಮಕ್ಕಳದಾಗಿರಲಿಲ್ಲ, ನನ್ನದಾಗಿತ್ತು. ಮರುವರ್ಷ ಒಂದೇ ಸ್ಥಳವನ್ನು ಆರಿಸಿಕೊಂಡೆ. ಸಾಗರದಿಂದ ಇಕ್ಕೇರಿಗೆ ನಡೆದೇ ಹೊರಟೆವು.

ನಾವು ನಡೆದ ನೆಲದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಹದಿನಾರನೆಯ ಶತಮಾನದ ಆರಂಭದ ವೇಳೆಗೆ ಚೌಡಪ್ಪನಾಯಕನಿಂದ ತಲೆಯೆತ್ತಿದ ಕೆಳದಿಯ ಅರಸುಮನೆತನವು ಮೊದಲು ವಿಜಯನಗರಕ್ಕೆ ಅಧೀನವಾಗಿದ್ದು, ಅನಂತರ ಸ್ವತಂತ್ರವಾಗಿ ಬೆಳೆಯಿತು. ಮಲೆನಾಡಿನೊಡನೆ ಕರಾವಳಿಯ ಬಹುಭಾಗವೂ ಅದರ ಆಳ್ವಿಕೆಗೆ ಒಳಪಟ್ಟಿತು. ಮೊದಲನೆಯ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ, ಮೂರನೆಯದು ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವು ಅವರ ಗಿರಿದುರ್ಗ. ಹೀಗೆ ಅಕ್ಕಪಕ್ಕದ ಮೂರು ತಾಲ್ಲೂಕುಗಳಲ್ಲಿ ಒಂದು ರಾಜ್ಯದ ಹುಟ್ಟು, ಏಳಿಗೆ, ಅವಸಾನಗಳ ಕುರುಹುಗಳು ಉಳಿದಿವೆ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇವಾಲಯಗಳು ಒಂದೇ ಆವರಣದಲ್ಲಿವೆ. ವೀರಭದ್ರನ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಕಾಣುತ್ತದೆ. ಊರಿನ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಯ ಗ್ರಂಥಗಳಿವೆ. ಕೆಳದಿಗೂ ಇಕ್ಕೇರಿಗೂ ನಡುವೆ ಸಾಗರ ಪಟ್ಟಣವಿದೆ. ಇಂದು ಗಣಪತಿ ಕೆರೆಯೆಂದು ಕರೆಯುವ ಅಲ್ಲಿನ ಕೆರೆಗೆ ಹಿಂದೆ ಸದಾಶಿವ ಸಾಗರವೆಂಬ ಹೆಸರಿತ್ತೆಂದೂ, ಅದನ್ನು ಕಟ್ಟಿಸಿದವನು ಸದಾಶಿವನಾಯಕನೆಂದೂ, ಅದರಿಂದಲೇ ಊರಿಗೆ ಸಾಗರವೆಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಊರಿನ ಹೆಸರೇ ಒಂದು ಕೆರೆಯ ನೆನಪು!

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ತಲುಪಿದಾಗ ಮಕ್ಕಳಿಗೆ ಬಿಡುವು ಕೊಟ್ಟು, ಇಷ್ಟಬಂದಂತೆ ನೋಡಿರೆಂದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಹುಡುಗಿ ಓಡಿಬಂದು, “ಮೇಷ್ಟ್ರೇ, ನೆಲದಲ್ಲಿ ಯಾರೋ ಮಲಗಿದ್ದಾರೆ!” ಎಂದಳು. ಅವಳು ಕಂಡದ್ದು ನಿಜವಾಗಿತ್ತು. ಹಾಸುಗಲ್ಲಿನಲ್ಲಿ ದೇವರಿಗೆ ಅಡ್ಡಬಿದ್ದ ಮೂವರು ಕೆಳದಿಯ ಅರಸರ ಆಕೃತಿಗಳನ್ನು ಕೆತ್ತಿದ್ದಾರೆ. ಮೇಲೆ ಅವರವರ ಹೆಸರುಗಳಿವೆ. ಹಿಂದಿನ ವರ್ಷ ನಾವು ನಲವತ್ತು ಮಂದಿ ಅವುಗಳನ್ನು ಗಮನಿಸದೆಯೇ ದಾಟಿ ಹೋಗಿದ್ದೆವು. ಅರಸರು ಸಿಂಹಾಸನದ ಮೇಲಲ್ಲದೆ ಜನರು ನಡೆದಾಡುವ ನೆಲದಲ್ಲಿ ತಮ್ಮ ಗುರುತನ್ನು ಉಳಿಸಿಕೊಂಡರಲ್ಲ ಎಂದು ಆ ದಿನ ಎಲ್ಲರೂ ಬೆರಗಾದೆವು.

ಆ ದೇವಾಲಯದಲ್ಲಿ ಇನ್ನೊಂದು ವಿಶೇಷವಿದೆ. ನಡುವಣ ಕಂಬಗಳ ಅಂತರವನ್ನೇ ಅಂದಿನ ಆಳ್ವಿಕೆಯಲ್ಲಿ ತೋಟದ ಭೂಮಿಯನ್ನು ಅಳೆಯುವ ಪ್ರಮಾಣವನ್ನಾಗಿ ಇಟ್ಟುಕೊಂಡಿದ್ದರು. ಇದನ್ನು ಹೇಳಿದೊಡನೆ ಅಡಕೆ ಬೆಳೆಗಾರರ ಮನೆಯ ಮಕ್ಕಳು ಆ ಕಂಬದಿಂದ ಈ ಕಂಬಕ್ಕೆ ಹೆಜ್ಜೆಯಿಟ್ಟು ಎಣಿಸತೊಡಗಿದರು. ಅಳತೆಯ ಕೋಲನ್ನು ಬಚ್ಚಿಡಬಹುದು, ಕತ್ತರಿಸಬಹುದು. ಎಲ್ಲರ ಕಣ್ಣೆದುರಿನ ಕಲ್ಲುಕಂಬಗಳನ್ನು ಹತ್ತಿರ ತರುವುದಾಗಲಿ ದೂರ ಸರಿಸುವುದಾಗಲಿ ಯಾವ ಅಧಿಕಾರಿಗೂ ಸಾಧ್ಯವಿಲ್ಲ. ದೇವಾಲಯವು ಪೂಜೆಯ ಸ್ಥಳವಾಗಿದ್ದಂತೆ ನ್ಯಾಯವಾದ ಅಳತೆಯ ಸಾಕ್ಷಿಯೂ ಆಗಿತ್ತೆಂಬುದನ್ನು ಮಕ್ಕಳು ಹೆಜ್ಜೆಯಿಂದಲೇ ಕಲಿತರು.

ಇಕ್ಕೇರಿಯು ರಾಜಧಾನಿಯಾಗಿದ್ದಾಗ ಹೇಗಿತ್ತೆಂಬುದನ್ನು ತಿಳಿಯಲು ಒಬ್ಬ ವಿದೇಶಿ ಪ್ರವಾಸಿಯ ಬರಹ ನೆರವಾಗುತ್ತದೆ. ಇಟಲಿ ದೇಶದ ಪಿಯೆತ್ರೊ ದೆಲ್ಲಾ ವಾಲೆ ಎಂಬಾತನು 1623ರಲ್ಲಿ, ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಊರಿನ ಹೊರ ಆವರಣಗಳು ಕಲ್ಲಿನ ಗೋಡೆಗಳಾಗಿರದೆ ಒತ್ತಾಗಿ ಬೆಳೆಸಿದ ಬಿದಿರಿನ ಬೇಲಿಗಳಾಗಿದ್ದುವೆಂದು ಅವನು ಬರೆದಿದ್ದಾನೆ. ಉದ್ದವಾದ ವಿಶಾಲವಾದ ಬೀದಿಗಳು, ಅವುಗಳಲ್ಲಿ ಕೆಲವಕ್ಕೆ ಎತ್ತರದ ಮರಗಳ ನೆರಳು, ನಡುನಡುವೆ ಕೆರೆಗಳು, ತೋಪುಗಳು. ನಗರವೂ ಅಡವಿಯೂ ನೀರೂ ಒಂದರೊಳಗೊಂದು ಬೆರೆತ ಆ ನೋಟ ಅವನಿಗೆ ಬಹಳ ಮೆಚ್ಚುಗೆಯಾಯಿತು. ನಗರವೆಂದರೆ ಕಟ್ಟಡಗಳ ಗುಂಪಲ್ಲ, ನಡೆಯುವವನಿಗೆ ನೆರಳನ್ನೂ ನೀರನ್ನೂ ಕೊಡುವ ಸ್ಥಳವೆಂಬ ಅರಿವು ಆ ಊರನ್ನು ಕಟ್ಟಿದವರಿಗಿತ್ತು.

ಅದೇ ಪ್ರವಾಸಿ ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಕೆಲವು ಬಾಲಕರನ್ನು ಕಂಡನು. ಅವರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ಜಾಗ ತುಂಬಿದೊಡನೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಅವರಿಗೆ ಕಾಗದವೂ ಬೇಕಾಗಿರಲಿಲ್ಲ, ಕಟ್ಟಡವೂ ಬೇಕಾಗಿರಲಿಲ್ಲ. ದಾರಿಗೆ ತೆರೆದುಕೊಂಡ ಒಂದು ಜಗಲಿಯೇ ಶಾಲೆಯಾಗಿತ್ತು.

ಬಿಜಾಪುರದ ಸೈನ್ಯದ ದಾಳಿಗೆ ಇಕ್ಕೇರಿ ತುತ್ತಾದ ಮೇಲೆ, 1639ರ ಸುಮಾರಿಗೆ ರಾಜಧಾನಿಯು ಬಿದನೂರಿಗೆ ಸಾಗಿತು. ನಾಣ್ಯಕ್ಕೆ ಮಾತ್ರ ಇಕ್ಕೇರಿಯ ವರಹವೆಂಬ ಹೆಸರೇ ಉಳಿಯಿತು. ಬಿದಿರಿನ ಹಳ್ಳಿಯಾಗಿದ್ದ ಬಿದನೂರು ಕರಾವಳಿಗೆ ಇಳಿಯುವ ಹೊಸಂಗಡಿ ಘಟ್ಟದ ನೆತ್ತಿಗೆ ಸಮೀಪವಾದುದರಿಂದ ದೊಡ್ಡ ವ್ಯಾಪಾರಕೇಂದ್ರವಾಯಿತು. ಶಿಸ್ತು ಎಂಬ ಕಂದಾಯ ಪದ್ಧತಿಯಿಂದ ಹೆಸರಾದ ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿದುದು ಇಲ್ಲಿಂದಲೇ. 1763ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯಿಂದ ಇದನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಮೊದಲಿನ ಭಾಗ ಕಳಚಿ ಈಗ ‘ನಗರ’ವೆಂಬುದಷ್ಟೇ ಉಳಿದಿದೆ. ಊರು ಚಿಕ್ಕದಾಗಿದೆ, ದಿಬ್ಬದ ಮೇಲಿನ ಕೋಟೆ, ಸಮೀಪದ ದೇವಗಂಗೆಯ ಕಲ್ಲಿನ ಕೊಳಗಳು ಹಿಂದಿನ ವೈಭವವನ್ನು ನೆನಪಿಸುತ್ತವೆ.

ಕವಲೇದುರ್ಗದಲ್ಲಂತೂ ನಡೆಯದೆ ಗತಿಯಿಲ್ಲ. ಭುವನಗಿರಿ ದುರ್ಗವೆಂದೂ ಹೆಸರಾದ ಈ ಬೆಟ್ಟದ ಮೇಲಕ್ಕೆ ಕಲ್ಲು ಹಾಸಿದ ಕಾಲುದಾರಿಯಿದೆ. ಒಂದು ಸುತ್ತಿನ ಗೋಡೆಯ ಬಾಗಿಲನ್ನು ದಾಟಿದರೆ ಇನ್ನೊಂದು. ಅದನ್ನು ದಾಟಿದರೆ ಮತ್ತೊಂದು. ಏರಿ ಏರಿ ಉಸಿರು ಕಟ್ಟಿದಾಗ, ಆಯುಧವನ್ನು ಹೊತ್ತು ಇದೇ ದಾರಿಯಲ್ಲಿ ಏರಬೇಕಾದ ಶತ್ರುವಿನ ಪಾಡು ಏನೆಂಬುದು ತಾನಾಗಿಯೇ ತಿಳಿಯುತ್ತದೆ. ಕೋಟೆಯ ಬಲವನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ವಿವರಿಸಲಾರದು. ಮೇಲೆ ಕಾಶಿ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ಅಡಿಪಾಯದ ಜಗಲಿಗಳು ಇವೆ.

ಇಂಥ ಸ್ಥಳಗಳಿಗೆ ಇಂದು ಹೆಚ್ಚು ಜನರು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಬಾಗಿಲವರೆಗೂ ವಾಹನದಲ್ಲಿ ಬಂದು, ಒಂದು ಚಿತ್ರ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಹಿಂದಿರುಗುವವರೇ ಬಹಳ. ಕೆಲವು ವರ್ಷಗಳ ಹಿಂದೆ ನಾನು ಮತ್ತೊಮ್ಮೆ ಇಕ್ಕೇರಿಯ ದಾರಿಯಲ್ಲಿ ನಡೆದಾಗ, ವಾಹನಗಳಿಗೆ ಅಂಜಿ ಪದೇ ಪದೇ ಚರಂಡಿಯ ಅಂಚಿಗೆ ಸರಿದು ನಿಲ್ಲಬೇಕಾಯಿತು. ಗುಡಿಯನ್ನು ಕಾಪಾಡಿ ಗುಡಿಗೆ ಹೋಗುವ ಕಾಲುದಾರಿಯನ್ನು ಕಳೆದುಕೊಂಡರೆ, ಪುಸ್ತಕದ ರಟ್ಟನ್ನು ಉಳಿಸಿ ಹಾಳೆಗಳನ್ನು ಹರಿದಂತಾಗುವುದು. ಸ್ಮಾರಕದ ಸುತ್ತಲಿನ ಬೀದಿ, ಕೆರೆಯ ಏರಿ, ಅಶ್ವತ್ಥಕಟ್ಟೆ, ದಾರಿಬದಿಯ ಮರ ಇವೂ ಸ್ಮಾರಕದ ಅಂಗಗಳೇ. ವೃದ್ಧರೂ ಮಕ್ಕಳೂ ಅಂಜಿಕೆಯಿಲ್ಲದೆ ನಡೆಯುವಂತಹ ಹಾದಿ, ಕುಳಿತು ದಣಿವಾರಿಸಿಕೊಳ್ಳಲು ನೆರಳು, ಕಂಡದ್ದನ್ನು ತಿಳಿಸುವ ಕನ್ನಡದ ಫಲಕ ಇಷ್ಟಿದ್ದರೆ ಸಾಕು. ಬಂದವರು ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ. ನಿಂತವರು ಊರಿನವರೊಡನೆ ಮಾತನಾಡುತ್ತಾರೆ. ಅಂಗಡಿಯಲ್ಲಿ ಎಳನೀರು ಕುಡಿಯುತ್ತಾರೆ. ಊರಿಗೂ ಲಾಭ, ಬಂದವರಿಗೂ ತಿಳಿವಳಿಕೆ.

ನಮ್ಮ ಸಮನ್ವಿತ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಂವಿಧಾನವು ಸಾರುತ್ತದೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಇದೂ ಒಂದು. ಕರ್ತವ್ಯವೆಂದೊಡನೆ ದೊಡ್ಡ ಕೆಲಸವೇ ಆಗಬೇಕೆಂದಿಲ್ಲ. ಕಲ್ಲಿನ ಮೇಲೆ ಹೆಸರು ಗೀಚದಿರುವುದು, ಕೊಳಕ್ಕೆ ಕಸ ಎಸೆಯದಿರುವುದು, ಊರಿನ ಹಿರಿಯರನ್ನು ಕೇಳಿ ಕೆರೆಕಟ್ಟೆಗಳ ಹಳೆಯ ಹೆಸರುಗಳನ್ನು ಬರೆದಿಡುವುದು ಇವು ನಿಮ್ಮ ವಯಸ್ಸಿನವರೂ ಮಾಡಬಹುದಾದ ಕಾರ್ಯಗಳು.

ಮರಳಿನ ಮೇಲೆ ಲೆಕ್ಕ ಬರೆಯುತ್ತಿದ್ದ ಆ ಬಾಲಕರ ಹೆಸರು ನಮಗೆ ತಿಳಿಯದು. ಅವರು ಬರೆದುದೆಲ್ಲವೂ ಆ ಕ್ಷಣವೇ ಅಳಿಸಿಹೋಯಿತು. ಆದರೂ ದಾರಿಯಲ್ಲಿ ಹೋಗುತ್ತಿದ್ದ ಒಬ್ಬನು ನಿಂತು ನೋಡಿದುದರಿಂದ, ನಾಲ್ಕುನೂರು ವರ್ಷಗಳ ಮೇಲೂ ಅವರು ನಮ್ಮ ಕಣ್ಣ ಮುಂದಿದ್ದಾರೆ. ನಿಮ್ಮ ಊರಿನಲ್ಲಿಯೂ ಹಳೆಯದೊಂದು ಜಗಲಿ, ಒಂದು ಕಲ್ಲು, ಒಂದು ಕೆರೆ ಇದ್ದೇ ಇರುತ್ತದೆ. ಮುಂದಿನ ಭಾನುವಾರ ಅದರ ಬಳಿಗೆ ನಡೆದು ಹೋಗಿ. ಸ್ವಲ್ಪ ಹೊತ್ತು ನಿಂತು ನೋಡಿ.