ಹಿತ್ತಲಿಗೊಂದು ಬಾರಿ ಗಿಡ: ಯಾವ ತಳಿ, ಯಾವ ಹದ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಮಂದಿ ಮಹಾಬಳೇಶ್ವರಕ್ಕೆ ಹೋಗಿ ಬಂದರೆ ಸ್ಟ್ರಾಬೆರಿ, ರಾಸ್‌ಬೆರಿ ಹಣ್ಣಿನ ಡಬ್ಬಿ ತರುತ್ತಾರೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ತರುತ್ತಾರೆ: ಈ ಗಿಡ ನಮ್ಮ ಹಿತ್ತಲಲ್ಲಿ ಬರುತ್ತದೆಯೇ? ಬರುವುದಿಲ್ಲ. ರಾಸ್‌ಬೆರಿಗೆ ಚಳಿಗಾಲದಲ್ಲಿ ಗಟ್ಟಿ ಚಳಿ ಬೇಕು, ಬೇಸಿಗೆಯಲ್ಲಿ ಬೇರು ತಂಪಾಗಿರಬೇಕು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾವಿಯ ತಳ ಕಾಣುತ್ತದೆ. ಆ ಗಿಡಕ್ಕೆ ಸುರಿಯುವ ನೀರನ್ನು ಎಮ್ಮೆಗೆ ಕುಡಿಸಿದರೆ ಹಾಲಾದರೂ ಬಂದೀತು.

ಹಾಗಂತ ನಮ್ಮ ಹಿತ್ತಲು ಬರಿದಾಗಿರಬೇಕಿಲ್ಲ. ನಾವು ಬಾರಿ ಹಣ್ಣು ಎನ್ನುತ್ತೇವೆ, ಮೈಸೂರು ಸೀಮೆಯವರು ಎಲಚಿ ಎನ್ನುತ್ತಾರೆ, ಮರಾಠಿಯಲ್ಲಿ ಬೋರ. ಸಂಕ್ರಾಂತಿಯ ಹೊತ್ತಿಗೆ ಮರಾಠಿ ಮನೆಗಳಲ್ಲಿ ಕೂಸಿನ ತಲೆ ಮೇಲೆ ಬೋರ ಸುರಿದು ‘ಬೋರನ್ಹಾಣ’ ಮಾಡುತ್ತಾರೆ. ಕನ್ನಡ ಮನೆಗಳಲ್ಲಿ ಅದನ್ನೇ ‘ಕರಿ ಎರೆಯುವುದು’ ಅನ್ನುತ್ತೇವೆ. ಎರಡು ಭಾಷೆಯ ಮನೆಗೂ ಬೇಕಾದ ಹಣ್ಣು ಇದು. ಆದರೆ ಈಗ ಅನೇಕ ಮನೆಗಳಲ್ಲಿ ಅದಕ್ಕೆ ಬೇಕಾದ ಒಂದು ಸೇರು ಹಣ್ಣನ್ನೂ ಪೇಟೆಯಿಂದ ತರುತ್ತಾರೆ. ಸೋಯಾಬೀನ್ ಬಿತ್ತುವುದಕ್ಕೆ ಜಾಗ ಸಾಲದೆಂದು ಬದುವಿನ ಮೇಲಿನ ಬಾರಿ ಗಿಡಗಳನ್ನು ನಾವೇ ಕಡಿದು ಹಾಕಿದ್ದೇವೆ.

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು, ಅದು ಎಲ್ಲರಿಗೂ ನೆನಪಿದೆ. ಅಂಥ ವರ್ಷದಲ್ಲೂ ಬಾರಿ ಗಿಡ ಹೇಗೆ ಬದುಕುತ್ತದೆ? ಅದರ ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬೇಸಿಗೆ ಬಂದ ಕೂಡಲೇ ಗಿಡ ಎಲೆ ಉದುರಿಸಿ ಮಲಗಿಬಿಡುತ್ತದೆ. ಮಿರಗದ ಮಳೆ ಬಿದ್ದಾಗ ಚಿಗುರುತ್ತದೆ, ಮಳೆಗಾಲದಲ್ಲಿ ಹೂ ಬಿಡುತ್ತದೆ, ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ನೀರಿಲ್ಲದ ತಿಂಗಳುಗಳಲ್ಲಿ ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಇಷ್ಟು ವರ್ಷ ಕೂತ ನನಗೆ ಇಂಥ ಖಾತೆದಾರರು ಕಂಡದ್ದು ಕಡಿಮೆ.

1990ರಲ್ಲಿ ಮಹಾರಾಷ್ಟ್ರ ಸರಕಾರ ಉದ್ಯೋಗ ಖಾತ್ರಿ ಯೋಜನೆಗೆ ಹಣ್ಣಿನ ಗಿಡ ಹಚ್ಚುವ ಕೆಲಸವನ್ನೂ ಜೋಡಿಸಿತು. ಸೀತಾಫಲ, ದಾಳಿಂಬೆಗಳ ಜೊತೆಗೆ ಬಾರಿಯ ತೋಟಗಳೂ ಎದ್ದವು. ಸೊಲ್ಲಾಪುರ ಕಡೆ ಇದೊಂದು ದೊಡ್ಡ ವ್ಯಾಪಾರವೇ ಆಯಿತು. ತೋಟ ಮಾಡುವವರು ಗಿಡದಿಂದ ಗಿಡಕ್ಕೆ 20 ಅಡಿ ಬಿಡುತ್ತಾರೆ, ಎಕರೆಗೆ 108 ಗಿಡ ಕೂಡುತ್ತವೆ. ನಾನು ಇಲ್ಲಿ ಹೇಳುವುದು ಒಂದೆರಡು ಗಿಡಕ್ಕೆ ಜಾಗ ಇರುವ ಮನೆಯವರಿಗೆ.

ಮೊದಲು ತಳಿಯ ಮಾತು. ಉಮ್ರಾಣ ಎಂಬುದು ಎಲ್ಲ ಕಡೆ ಸಿಗುವ ತಳಿ. ಹಣ್ಣು ಮೊಟ್ಟೆಯಾಕಾರ, ಬಲಿತಾಗ ಬಂಗಾರದ ಬಣ್ಣ, ಪೂರ್ತಿ ಮಾಗಿದರೆ ಕಂದು. ಬಹಳ ಸಿಹಿ, ಕಿತ್ತ ಮೇಲೆ ಕೆಲವು ದಿನ ತಡೆಯುತ್ತದೆ. ಆದರೆ ತಡವಾಗಿ ಬರುತ್ತದೆ. ಸಂಕ್ರಾಂತಿ ದಾಟಿದ ಮೇಲೆಯೇ ಅದರ ನಿಜವಾದ ಸುಗ್ಗಿ. ಕಡಾಕಾ ಅದಕ್ಕಿಂತ ಮೊದಲು ಬರುತ್ತದೆ, ಹಣ್ಣು ಗುಂಡಗೆ, ಕಚ್ಚಿದರೆ ಕರಕರ ಅನ್ನುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವಾಗ ಹಣ್ಣು ಬೇಕೆನ್ನುವವರಿಗೆ ಇದೇ ಸರಿ. (ಲಾತೂರಿನ ಮರಾಠಿ ಮಂದಿ ‘ವೇಳ ಅಮಾವಾಸ್ಯಾ’ ಎನ್ನುವುದು ನಮ್ಮ ಎಳ್ಳ ಅಮಾವಾಸ್ಯೆಯನ್ನೇ. ಹೆಸರು ಯಾರದು ಯಾರಿಗೆ ಹೋಯಿತು ಎಂದು ಜಗಳ ಬೇಡ, ಭಜ್ಜಿ-ಅಂಬಲಿ ಇಬ್ಬರದೂ ಒಂದೇ.) ಜಳಗಾಂವ ಕಡೆಯ ಮೆಹರೂಣ ಉದ್ದಗೆ, ತುದಿ ಚೂಪು, ರುಚಿಗೆ ಹೆಸರಾದದ್ದು. ಉತ್ತರ ಭಾರತದ ಗೋಲಾ ಬೇಗ ಬರುವ ತಳಿ.

ಇನ್ನು ಆ್ಯಪಲ್ ಬೋರ. ಥಾಯ್ಲೆಂಡ್ ಕಡೆಯ ಈ ತಳಿ ಈಚಿನ ವರ್ಷಗಳಲ್ಲಿ ಬಹಳ ಓಡುತ್ತಿದೆ. ಸೇಬಿನ ಹಾಗೆ ಹಸಿರು, ದಪ್ಪ, ನೋಡಲು ಚೆಂದ, ಬೇಗ ಫಲಕ್ಕೆ ಬರುತ್ತದೆ. ಆದರೆ ಅಷ್ಟು ದೊಡ್ಡ ಹಣ್ಣು ತುಂಬಬೇಕಾದರೆ ನೀರು, ಗೊಬ್ಬರ ಎರಡೂ ಹೆಚ್ಚು ಬೇಕು. ರುಚಿ ಸಪ್ಪೆ. ಡ್ರಿಪ್ ಇದ್ದು ಮಾರುಕಟ್ಟೆಗೆ ಕಳಿಸುವವರು ಹಚ್ಚಲಿ, ಮಳೆ ನಂಬಿದ ಹಿತ್ತಲಿಗೆ ನಾನು ಅದನ್ನು ಹೇಳಲಾರೆ.

ನನ್ನ ಮಾತು ಕೇಳುವುದಾದರೆ ಒಂದು ಕಡಾಕಾ, ಒಂದು ಉಮ್ರಾಣ ಹಚ್ಚಿರಿ. ಹಣ್ಣಿನ ಕಾಲ ಉದ್ದವಾಗುತ್ತದೆ ಎಂಬುದು ಒಂದು ಲಾಭ. ಇನ್ನೊಂದು ಲಾಭ ಅದಕ್ಕಿಂತ ದೊಡ್ಡದು. ಬಾರಿಯ ಅನೇಕ ತಳಿಗಳಿಗೆ ತಮ್ಮದೇ ಪರಾಗದಿಂದ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಬೇರೆ ತಳಿ ಹತ್ತಿರ ಇದ್ದರೆ ಜೇನು, ನೊಣಗಳು ಆ ಕೆಲಸ ಮಾಡುತ್ತವೆ. ಹೂ ತುಂಬಿ ಕಾಯಿ ನಿಲ್ಲದ ಒಂಟಿ ಗಿಡಕ್ಕೆ ದೃಷ್ಟಿ ತಗಲಿದೆ ಎನ್ನುವ ಮೊದಲು ಇದನ್ನು ನೆನೆಯಿರಿ.

ಗಿಡ ಕೊಳ್ಳಲೇಬೇಕೆಂದಿಲ್ಲ. ಹಿತ್ತಲಲ್ಲೋ ಬದುವಿನಲ್ಲೋ ಕಾಡು ಬಾರಿ ಇದ್ದರೆ ಅದನ್ನು ಕಡಿಯಬೇಡಿ, ಜಾತಿ ಗಿಡ ಮಾಡಿಕೊಳ್ಳಿ. ಬೇಸಿಗೆಯಲ್ಲಿ ನೆಲದಿಂದ ಒಂದೂವರೆ ಅಡಿ ಬಿಟ್ಟು ಕಾಂಡ ಕೊಯ್ಯಿರಿ. ಬುಡದಿಂದ ಚಿಗುರುಗಳು ಏಳುತ್ತವೆ. ಅವುಗಳಲ್ಲಿ ಗಟ್ಟಿಯಾದ ಎರಡನ್ನು ಉಳಿಸಿ ಉಳಿದದ್ದನ್ನು ತೆಗೆಯಿರಿ. ಮಳೆ ಹಿಡಿದ ಮೇಲೆ, ಜೂನ್-ಜುಲೈ ತಿಂಗಳಲ್ಲಿ, ಚಿಗುರು ಪೆನ್ಸಿಲಿನಷ್ಟು ದಪ್ಪವಾದಾಗ, ಒಳ್ಳೆಯ ಗಿಡದ ಕಣ್ಣು ತಂದು ಕಸಿ ಕಟ್ಟಿಸಿರಿ. ಒಂದು ಚಿಗುರಿಗೆ ಕಡಾಕಾ, ಇನ್ನೊಂದಕ್ಕೆ ಉಮ್ರಾಣ. ಜಾಗ ಒಂದೇ ಗಿಡದ್ದು, ತಳಿ ಎರಡು. ಬೇರು ಹಳೆಯದಾದ್ದರಿಂದ ಹೊಸ ಸಸಿಗಿಂತ ಬೇಗ ಹಣ್ಣು ಕಾಣುತ್ತೀರಿ.

ಕಾಡು ಗಿಡ ಇಲ್ಲದವರು ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ತಿಪ್ಪೆಗೊಬ್ಬರ ಬೆರೆಸಿ, ಮಳೆಗಾಲದ ಆರಂಭದಲ್ಲಿ ಕಸಿ ಸಸಿ ಹಚ್ಚಬೇಕು. ಎರೆ ಮಣ್ಣೋ ಮುರುಮೋ ನಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೇ. ಸಸಿ ಕೊಳ್ಳುವಾಗ ಕಸಿಯ ಗಂಟು ನೋಡಿ ಕೊಳ್ಳಿರಿ. 1972ರಲ್ಲಿ ಆರಂಭವಾದ ಪರಭಣಿಯ ಕೃಷಿ ವಿದ್ಯಾಪೀಠವೋ ಸರಕಾರಿ ನರ್ಸರಿಯೋ ಆದರೆ ಹೇಳಿದ ತಳಿಯೇ ಸಿಗುವ ಭರವಸೆ ಹೆಚ್ಚು. ಸಂತೆಯಲ್ಲಿ ಸೈಕಲ್ ಮೇಲೆ ಬರುವ ಸಸಿಗೆ ಜಾಮೀನು ಯಾರು?

ಹಚ್ಚಿದ ಮೇಲೆ ಒಂದು ಕಣ್ಣು ಕಸಿಯ ಗಂಟಿನ ಕೆಳಗೆ ಇರಲಿ. ಅಲ್ಲಿಂದ ಏಳುವ ಚಿಗುರು ಕಾಡು ಬಾರಿಯದು. ಅದು ಮೇಲಿನ ಕಸಿಗಿಂತ ಜೋರಾಗಿ ಬೆಳೆಯುತ್ತದೆ, ಬಿಟ್ಟರೆ ಎರಡು ವರ್ಷದಲ್ಲಿ ಕಸಿಯನ್ನೇ ನುಂಗುತ್ತದೆ. “ಉಮ್ರಾಣ ಹಚ್ಚಿದ್ದೆ, ಹುಳಿ ಕಾಯಿ ಬಿಟ್ಟಿತು” ಎನ್ನುವವರ ಗಿಡ ನೋಡಿದರೆ ಬಹಳ ಸಲ ಇದೇ ಕಥೆ.

ಬಾರಿಯಲ್ಲಿ ಜನ ತಪ್ಪಿಸುವ ದೊಡ್ಡ ಕೆಲಸ ಸವರುವುದು. ಹಣ್ಣು ಬರುವುದು ಆ ವರ್ಷದ ಹೊಸ ಚಿಗುರಿನ ಎಲೆ ಸಂದಿಯಲ್ಲಿ. ಸವರದಿದ್ದರೆ ಚಿಗುರು ಸಣ್ಣದು, ಹಣ್ಣೂ ಸಣ್ಣದು, ಗಿಡ ಮುಳ್ಳಿನ ಪೆಳೆಯಾಗುತ್ತದೆ. ಬಸವ ಜಯಂತಿಯ ಆಸುಪಾಸು, ಎಲೆ ಉದುರಿ ಗಿಡ ಮಲಗಿದಾಗ, ಹೋದ ವರ್ಷದ ಟೊಂಗೆಗಳನ್ನು ಅರ್ಧದಷ್ಟು ಕತ್ತರಿಸಿರಿ. ಒಣಗಿದ್ದು, ಒಂದರ ಮೇಲೊಂದು ಬಿದ್ದದ್ದು ಪೂರ್ತಿ ತೆಗೆಯಿರಿ. ಹೆಣ್ಣುಮಕ್ಕಳು ಅಯ್ಯೋ ಎಂದರೂ ಕೈ ತಡೆಯಬೇಡಿ. ಕತ್ತರಿಸಿದ ಮುಳ್ಳು ಬೇಲಿಗೆ ಆಗುತ್ತದೆ. ಎಲೆ ಇದ್ದ ಕಾಲದಲ್ಲಿ ಒಂದು ಟೊಂಗೆ ತೆಗೆಯಬೇಕಾಗಿ ಬಂದರೆ ಆಡಿಗೆ ಹಬ್ಬ.

ರೋಗ ಎರಡೇ ಮುಖ್ಯ. ದೀಪಾವಳಿಯ ಹೊತ್ತಿಗೆ ಎಳೆಗಾಯಿ ಮೇಲೆ ಬೂದಿ ಎರಚಿದಂತೆ ಕಂಡರೆ ಅದು ಬೂದಿ ರೋಗ. ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ಬೆರೆಸಿ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಎರಡನೆಯದು ಹಣ್ಣಿನ ನೊಣ. ಹಣ್ಣಿನೊಳಗಿನ ಬಿಳಿ ಹುಳ ಅದರ ಮರಿ. ಹುಳ ಬಿದ್ದ ಹಣ್ಣನ್ನು ಗಿಡದ ಕೆಳಗೇ ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮುಂದಿನ ವರ್ಷ ಮತ್ತೆ ನೊಣವಾಗಿ ಏಳುತ್ತದೆ. ಉದುರಿದ ಹಣ್ಣನ್ನು ದಿನಾ ಆರಿಸಿ ಆಳವಾಗಿ ಹುಗಿಯಿರಿ, ಬೇಸಿಗೆಯಲ್ಲಿ ಬುಡದ ಮಣ್ಣನ್ನು ಅಗೆದು ಬಿಸಿಲಿಗೆ ಹರವಿರಿ. ಹಿತ್ತಲ ಗಿಡಕ್ಕೆ ಇಷ್ಟು ಸಾಕು. ಮಕ್ಕಳು ಗಿಡದ ಮೇಲಿನಿಂದಲೇ ಕಿತ್ತು ತಿನ್ನುವ ಹಣ್ಣಿಗೆ ಕಡು ವಿಷ ಹೊಡೆಯುವುದು ಬೇಡ.

ಉಳಿದ ಹಣ್ಣನ್ನು ಒಣಗಿಸಿ ಇಟ್ಟರೆ ವರ್ಷವಿಡೀ ಆಗುತ್ತದೆ. ಒಣಗಿದ್ದನ್ನು ಕುಟ್ಟಿ, ಬೀಜ ತೆಗೆದು, ಉಪ್ಪು ಬೆರೆಸಿದರೆ ಶಾಲೆಯ ಮುಂದೆ ಮಾರುತ್ತಿದ್ದ ಬೋರಕೂಟ ಮನೆಯಲ್ಲೇ ಸಿದ್ಧ. ಸಕ್ಕರೆ ಹಾಕುವವರೂ ಇದ್ದಾರೆ, ನಾನು ಉಪ್ಪಿನ ಪಕ್ಷ.