ಗಣಕಯಂತ್ರದ ಗಡಿಯಾರ

ಗಣಕಯಂತ್ರದ ಒಡಲಿನಲ್ಲಿಯೂ ಒಂದು ಗಡಿಯಾರವುಂಟು. ಸ್ಫಟಿಕದ ಸಣ್ಣ ತುಣುಕೊಂದು ವಿದ್ಯುತ್ತಿನ ಪ್ರೇರಣೆಯಿಂದ ಕಂಪಿಸುತ್ತದೆ. ಯಂತ್ರವು ಆ ಕಂಪನಗಳನ್ನು ಎಣಿಸಿ ಹೊತ್ತನ್ನು ಅರಿಯುತ್ತದೆ. ಆದರೆ ಶಾಖವು ಏರಿಳಿದಂತೆ ಕಂಪನದ ವೇಗವೂ ತುಸು ಬದಲಾಗುತ್ತದೆ. ದಿನಕ್ಕೆ ಒಂದೆರಡು ಸೆಕೆಂಡುಗಳ ವ್ಯತ್ಯಾಸ ಅಪರೂಪವೇನಲ್ಲ.

ಇಷ್ಟರಿಂದ ಕೆಡುವುದೇನು? ಒಬ್ಬನ ಖಾತೆಗೆ ಒಂದು ಊರಿನ ಯಂತ್ರದಲ್ಲಿ ಹಣ ಜಮೆಯಾಗಿ, ಮರುಕ್ಷಣವೇ ಇನ್ನೊಂದು ಊರಿನ ಯಂತ್ರದಲ್ಲಿ ಅದನ್ನು ತೆಗೆದರೆನ್ನಿ. ಎರಡನೆಯ ಯಂತ್ರದ ಗಡಿಯಾರ ಹಿಂದಿದ್ದರೆ, ಬಾರದ ಹಣವನ್ನು ಮೊದಲೇ ತೆಗೆದಂತೆ ದಾಖಲೆ ಹೇಳುತ್ತದೆ! ನಿರಪರಾಧಿಯ ಮೇಲೆ ಸಂಶಯ ಬರಲು ಇಷ್ಟೇ ಸಾಕು.

ಈ ತೊಡಕಿಗೆ ಪರಿಹಾರವಾಗಿ ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ 'ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್' ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಇದರಂತೆ ನಮ್ಮ ಯಂತ್ರವು ಜಾಲದಲ್ಲಿರುವ ದೂರದ ಯಂತ್ರವೊಂದನ್ನು ಹೊತ್ತೆಷ್ಟೆಂದು ಕೇಳುತ್ತದೆ. ಆದರೆ ಉತ್ತರ ಬಂದು ಮುಟ್ಟುವಷ್ಟರಲ್ಲಿ ಆ ಹೊತ್ತು ಹಳತಾಗಿರುತ್ತದೆ. ಗಂಟೆ ಎಷ್ಟೆಂಬುದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದಂತೆ! ಆದುದರಿಂದ ಪ್ರಯಾಣದ ಕಾಲವನ್ನೂ ಅಳೆಯಬೇಕು. ಹೋಗಿಬರುವ ಪ್ರಯಾಣಕ್ಕೆ 80 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರ ಪಾಲುಗಳಲ್ಲಿ ಎಂಬತ್ತು ಪಾಲು ಹಿಡಿದರೆ, ಬಂದ ಹೊತ್ತಿಗೆ ಅದರ ಅರ್ಧವಾದ 40ನ್ನು ಕೂಡಿಸುತ್ತಾರೆ. ಎರಡು ದಾರಿಗಳಿಗೂ ಸಮಕಾಲ ಹಿಡಿಯಿತೆಂಬುದು ಇಲ್ಲಿಯ ನಂಬಿಕೆ. ಅದು ಸುಳ್ಳಾದರೂ ತಪ್ಪು ಆ ಅರ್ಧವನ್ನು ಮೀರಲಾರದು.

ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಅದಕ್ಕೆಂದೇ ಇದನ್ನು ಯಂತ್ರದಲ್ಲಿ ಒಂದು 'ಸೇವೆ'ಯಾಗಿ ನೇಮಿಸುತ್ತಾರೆ. ಯಂತ್ರ ಎಚ್ಚೆತ್ತೊಡನೆ ಅದೂ ತಾನಾಗಿ ಎದ್ದು, ತೆರೆಯ ಹಿಂದೆ ದುಡಿಯುತ್ತಿರುತ್ತದೆ. 'ಎನ್‌ಟಿಪಿಡಿ' ಎಂಬುದು ಇಂತಹ ಒಂದು ಕ್ರಮವಿಧಿ. ಯಾರನ್ನು ಕೇಳಬೇಕೆಂಬುದನ್ನು ಅದರ ಕಡತದಲ್ಲಿ ಬರೆದಿಡಬೇಕು. ಒಂದೇ ಹೆಸರಿದ್ದರೆ ಅದು ಕೆಟ್ಟುದು ತಿಳಿಯದು. ಎರಡಿದ್ದು ಭೇದ ಬಂದರೆ ಯಾವುದು ಸರಿಯೆಂಬ ತೀರ್ಮಾನವಾಗದು. ನಾಲ್ಕನ್ನಾದರೂ ಬರೆಯುವುದು ಲೇಸು. ಇಂತಹ ಯಂತ್ರಗಳ ಹೊತ್ತಿಗೆ ಮೂಲ ಪರಮಾಣು ಗಡಿಯಾರಗಳು. ನಮ್ಮ ದೇಶದ ಪ್ರಮಾಣಕಾಲವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

ತಿದ್ದುವ ಬಗೆಯೇ ಈ ಸೇವೆಯ ನಿಜವಾದ ಜಾಣತನವೆಂದು ತೋರುತ್ತದೆ. ಗಡಿಯಾರ ಮುಂದೋಡಿದೆಯೆಂದು ಥಟ್ಟನೆ ಹಿಂದಕ್ಕೆ ತಿರುಗಿಸಿದರೆ ಕಳೆದ ಕ್ಷಣಗಳೇ ಮತ್ತೆ ಬಂದಂತಾಗಿ ದಾಖಲೆಗಳು ಕಲಸಿಹೋಗುತ್ತವೆ. ಆದ್ದರಿಂದ ತಪ್ಪು ಸಣ್ಣದಿರುವಾಗ ಎನ್‌ಟಿಪಿಡಿ ಗಡಿಯಾರದ ನಡೆಯನ್ನಷ್ಟೇ ನಿಧಾನಿಸುತ್ತದೆ, ಅದೂ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡಿಗಿಂತ ಹೆಚ್ಚಿಲ್ಲದಂತೆ. 100 ಮಿಲಿಸೆಕೆಂಡಿನ ತಪ್ಪು ನೀಗಲು ಮೂರು ನಿಮಿಷಕ್ಕೂ ಮಿಗಿಲು ಬೇಕು. ಜೊತೆಗೆ, ತನ್ನ ಯಂತ್ರದ ಸ್ಫಟಿಕ ಎಷ್ಟು ಓಡುತ್ತದೆ, ಎಷ್ಟು ಕುಂಟುತ್ತದೆ ಎಂಬುದನ್ನೂ ಪುಟ್ಟ ಕಡತವೊಂದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿ ಮರುದಿನ ನಡೆಸಿದಾಗ, ಅದು ಆ ಲೆಕ್ಕದಿಂದಲೇ ತನ್ನ ಕೆಲಸವನ್ನು ಮುಂದುವರಿಸುತ್ತದೆ.